ಪುಡಿ ತೋರಿಸುವ ಪದ್ಧತಿ

ಇದು ನಡೆದದ್ದು ಹೋದ ವರ್ಷದ ಆಷಾಢದಲ್ಲಿ.

ಕಾಳಿ ನದಿ ಕಡಲು ಸೇರುವಲ್ಲಿಗೆ ಸಮೀಪ, ದಡದ ಮೇಲೆ ಒಂದು ಪ್ರಯೋಗಾಲಯ. ಅಲ್ಲಿ ಗಜಾನನ ನಾಡಕರ್ಣಿ ಗುರು. ಮಂಗಲಾ ಹರಿಕಂತ್ರ ಶಿಷ್ಯೆ.

ಸೋಡಿಯಂ ಬ್ಯಾಟರಿಯ ಕ್ಯಾಥೋಡಿಗೆ ಬೇಕಾದ ಕಪ್ಪು ಪುಡಿ ತಯಾರಿಸುವುದು ಅವಳ ಕೆಲಸ. ನೂರು ಸಲ ಚಾರ್ಜ್ ಆಗಿ ಖಾಲಿಯಾದ ಮೇಲೂ ಬ್ಯಾಟರಿ ಬಲ ಉಳಿಸಿಕೊಳ್ಳಬೇಕು. ಅವಳದು ನಲವತ್ತರ ಸುತ್ತಲೇ ಸೋಲುತ್ತಿತ್ತು.

ಶ್ರಾವಣದಲ್ಲಿ ಸಂಸ್ಥೆಯ ಸಮಿತಿ ಕೂರಲಿತ್ತು. ಅಷ್ಟರೊಳಗೆ ನೂರು ದಾಟದಿದ್ದರೆ ಸೋಡಿಯಂ ಕೆಲಸ ನಿಲ್ಲುತ್ತದೆ. ಮಂಗಲೆಯ ಸಂಶೋಧನೆಯೂ ನಿಲ್ಲುತ್ತದೆ.

ಅವಳು ಪುಡಿಗೆ ಮೆಗ್ನೀಸಿಯಂ ಸೇರಿಸಿ ನೋಡಿದಳು. ಟೈಟಾನಿಯಂ ಸೇರಿಸಿ ನೋಡಿದಳು. ಬದಲಾಗಲಿಲ್ಲ.

"ಇನ್ನು ಸಾರಿನ ಪುಡಿ ಒಂದು ಬಾಕಿ ಮಾರಾಯ್ತಿ" ಎಂದ ಜೊತೆಗೆ ಓದುತ್ತಿದ್ದ ಉಲ್ಲಾಸ.

"ನೀನು ತಿನ್ನುವುದಾದರೆ ಅದನ್ನೂ ಹಾಕ್ತೇನೆ."

ಆ ಪ್ರಯೋಗಾಲಯದಲ್ಲಿ ಒಂದು ಪದ್ಧತಿ ಇತ್ತು. ಕುಲುಮೆಯಿಂದ ಇಳಿಸಿದ ಪುಡಿಯನ್ನು ಮೊದಲು ಗುರುಗಳ ಮೇಜಿನ ಮೇಲೆ ಇಡಬೇಕು. ಅವರು ಪಾಠ ಮುಗಿಸಿ ಬಂದು ನೋಡಿ, ತಲೆಯಾಡಿಸಿದ ಮೇಲೆಯೇ ಮುಂದಿನ ಕೆಲಸ. ಯಾರು ಆರಂಭಿಸಿದರೋ ತಿಳಿಯದು. ಯಾರೂ ತಪ್ಪಿಸಿರಲಿಲ್ಲ.

ಮಂಗಲಾ ಗುರುಗಳ ಬಳಿಗೆ ಹೋದಳು.

"ಸರ್, ಇನ್ನೇನು ಸೇರಿಸಲಿ?"

"ಈಗ ಏನೇನು ಸೇರಿದೆ?"

"ಸೋಡಿಯಂ, ನಿಕ್ಕಲ್, ಮ್ಯಾಂಗನೀಸ್, ಕಬ್ಬಿಣ. ಸ್ವಲ್ಪ ಟೈಟಾನಿಯಂ."

"ಮತ್ತೆ?"

"ಅಷ್ಟೇ ಸರ್."

"ಮತ್ತೆ?"

ಅವಳು ಟಿಪ್ಪಣಿ ಪುಸ್ತಕ ತಿರುವಿ ನೋಡಿದಳು.

"ನಾಳೆ ಪುಡಿ ಇಳಿಸಿದಾಗ ತಾ" ಎಂದರು.

ಮರುದಿನ ಅವಳು ಪುಡಿ ತಂದಾಗ ಗುರುಗಳು ಕೋಣೆಯಲ್ಲೇ ಇದ್ದರು. ಮೇಜಿನ ಮೇಲೆ ಸೂಕ್ಷ್ಮ ತಕ್ಕಡಿ ಇತ್ತು. ಪುಡಿಯನ್ನು ಅದರ ಮೇಲೆ ಇಡಿಸಿದರು.

"ಓದು."

"ಐದು ಗ್ರಾಂ, ಸರಿಯಾಗಿ."

"ಕೂತುಕೋ. ಊರಲ್ಲಿ ದೋಣಿ ಇಳಿಸಿದರಾ?"

"ಇಲ್ಲ ಸರ್. ಮಳೆಗಾಲ ಮುಗಿಯಬೇಕು."

"ಅಪ್ಪ ಏನು ಮಾಡ್ತಾನೆ?"

"ಬಲೆ ಹೊಲೀತಾನೆ. ಅಮ್ಮನ ಹತ್ತಿರ ಬೈಸಿಕೊಳ್ತಾನೆ."

ಗುರುಗಳು ನಕ್ಕರು. ಚಹಾ ತರಿಸಿದರು. ಇಬ್ಬರೂ ಕುಡಿದರು.

"ಈಗ ಓದು."

"ಐದು ಗ್ರಾಂ, ಏಳು ಮಿಲಿಗ್ರಾಂ." ಅವಳು ಹುಬ್ಬು ಗಂಟಿಕ್ಕಿದಳು. "ಬಿಸಿ ಆರಿಲ್ಲ ಅನಿಸ್ತದೆ ಸರ್. ಬಿಸಿ ಇದ್ದರೆ ತೂಕ ನಿಲ್ಲುವುದಿಲ್ಲ."

"ಮುಟ್ಟಿ ನೋಡು."

ತಣ್ಣಗಿತ್ತು.

ಅವಳು ಮತ್ತೆ ತಕ್ಕಡಿ ನೋಡಿದಳು. ಎಂಟಾಗಿತ್ತು. ಕಿಟಕಿಯ ಆಚೆ ಮಳೆ ಸುರಿಯುತ್ತಿತ್ತು.

"ಗಾಳಿಯ ತೇವ" ಎಂದಳು ಮೆಲ್ಲಗೆ. "ಪುಡಿ ಅದನ್ನು ಹೀರುತ್ತಿದೆ. ಬದಲಿಗೆ ಸೋಡಿಯಂ ಬಿಟ್ಟುಕೊಡುತ್ತಿದೆ."

"ಆ ತೇವ ಸೇರಿಸಿದವರು ಯಾರು?"

ಅವಳು ಮೇಜನ್ನು ನೋಡಿದಳು.

"ಹೇಳು. ನನ್ನ ಹೆಸರು ಹೇಳಲಿಕ್ಕೆ ಸಂಕೋಚವೇ?"

"ಆದರೆ ಸರ್, ಹಿಂದಿನವರೂ ಇಲ್ಲೇ ತಂದಿಡುತ್ತಿದ್ದರಲ್ಲ. ಅವರ ಪುಡಿಗೆ ಏನೂ ಆಗಲಿಲ್ಲ."

"ಅವರದು ಲಿಥಿಯಂ. ನಾನು ಬರುವ ತನಕ ಕಾಯುತ್ತಿತ್ತು."

"ಇದು?"

"ಇದಕ್ಕೆ ಗುರು-ಹಿರಿಯರು ಅಂತಿಲ್ಲ."

ಮಂಗಲೆಗೆ ನಗು ಬಂತು. ಆಮೇಲೆ ಮುಖ ಸಪ್ಪಗಾಯಿತು.

"ತಮಗೆ ತೋರಿಸದೆ ಹೇಗೆ ಸರ್ ಮುಂದುವರಿಯುವುದು?"

"ಕಾಲಿನಿಂದ."

ಮುಂದಿನ ಸಲ ಅವಳು ಮೊದಲಿನ ಪಾಕಕ್ಕೇ ಮರಳಿದಳು. ಹೆಚ್ಚಿಗೆ ಏನೂ ಸೇರಿಸಲಿಲ್ಲ. ಪುಡಿ ಬಿಸಿಯಾಗಿದ್ದಾಗಲೇ ಮೂಸೆಯನ್ನು ಇಕ್ಕಳದಲ್ಲಿ ಹಿಡಿದು ಹೊರಟಳು. ಆರ್ಗಾನ್ ಅನಿಲ ತುಂಬಿದ ಗಾಜಿನ ಪೆಟ್ಟಿಗೆ ಪಡಸಾಲೆಯ ಆ ತುದಿಯಲ್ಲಿತ್ತು. ಅಲ್ಲಿ ತೇವಕ್ಕೆ ಪ್ರವೇಶವಿಲ್ಲ.

ನಡುವೆ ಗುರುಗಳ ಬಾಗಿಲು.

ಅವಳು ನಿಲ್ಲದೆ ಹಾದುಹೋದಳು. ಕಿವಿ ಬಿಸಿಯಾಯಿತು. ಗುರುಗಳು ಕುರ್ಚಿಯನ್ನು ನದಿಯ ಕಡೆ ತಿರುಗಿಸಿ ಕೂತಿದ್ದರು.

ಬ್ಯಾಟರಿ ನಲವತ್ತು ದಾಟಿತು. ನೂರೂ ದಾಟಿತು. ಬಲ ಅಷ್ಟೇನೂ ಇಳಿದಿರಲಿಲ್ಲ.

ಶ್ರಾವಣದಲ್ಲಿ ಸಮಿತಿ ಕೂತ ದಿನ ಮಂಗಲಾ ಇನ್ನೊಂದು ಪುಡಿ ಇಳಿಸುತ್ತಿದ್ದಳು. ಮೂಸೆ ಹಿಡಿದು ಪಡಸಾಲೆಗೆ ಬಂದಾಗ ಉಲ್ಲಾಸ ಎದುರಿನಿಂದ ಓಡಿ ಬಂದ.

"ಒಪ್ಪಿದರು ಮಾರಾಯ್ತಿ! ಮುಂದುವರಿಸಿ ಅಂದರು!"

ಅವಳ ಕಾಲು ಗುರುಗಳ ಬಾಗಿಲಲ್ಲಿ ತಾನಾಗಿ ನಿಂತಿತು. ಕಣ್ಣು ತುಂಬಿತ್ತು.

"ಸರ್, ಒಪ್ಪಿದರಂತೆ. ಎಲ್ಲ ತಮ್ಮಿಂದ. ಇವತ್ತು ಒಂದು ದಿನ ನೋಡಿಬಿಡಿ ಸರ್. ಒಂದೇ ಸಲ."

ಗುರುಗಳು ನದಿಯ ಕಡೆಯಿಂದ ಮುಖ ತಿರುಗಿಸಲಿಲ್ಲ.

"ಆಗಲೇ ಎರಡು ಮಿಲಿಗ್ರಾಂ."