ಅವ್ವನ ಮಣ್ಣಿನ ಸೊಪ್ಪು

ಕಲ್ಲು ಓಮ. ಅಲ್ಲ, ಕಲ್ಲು ಅಲ್ಲ, ಬೇರೆ ಏನೋ ಓಮ. ಈ ಕಥೆ ಹೇಳುತ್ತಿದ್ದ ನನ್ನ ಸೋದರತ್ತೆ ಆ ಗಿಡಕ್ಕೆ ಒಂದು ಹೆಸರು ಹೇಳುತ್ತಿದ್ದರು. ಅರ್ಧ ಹೆಸರು ನಾಲಿಗೆಗೆ ಬರುತ್ತದೆ, ಇನ್ನರ್ಧ ಬರುವುದಿಲ್ಲ.

ಓಮದ ವಾಸನೆ. ಅಕ್ಕಿಕಾಳಿನಷ್ಟು ಎಲೆ. ಕಲ್ಲಿನ ಸಂದಿಯಲ್ಲಿ ತೆವಳಿ ಬೆಳೆಯುತ್ತದೆ. ನಾನೀಗ ಇರುವ ಊರಿನ ಅಂಗಡಿಯಲ್ಲಿ ಅದನ್ನು ಥೈಮ್ ಎಂದು ಮಾರುತ್ತಾರೆ. ಹಾಗೇ ಇರಲಿ. ಚಿನ್ಮಯೀ, ನಾನು ಹೇಳುತ್ತಾ ಹೋಗುತ್ತೇನೆ, ನೀನು ಬರೆದುಕೋ.

ಹೊಳೆಯ ದಂಡೆಯಲ್ಲಿ, ಬಂಡೆಗಳ ಇಳಿಜಾರಿನ ಮೇಲೆ, ಅಡವಯ್ಯ ಎಂಬ ಗುರುವಿನ ಆಶ್ರಮವಿತ್ತು. ಸತ್ತವರ ಜೊತೆ ಮಾತಾಡಲು ಬಯಸುವವರು ಅಲ್ಲಿಗೆ ಬರುತ್ತಿದ್ದರು. ಬರುವಾಗ ಅವರನ್ನು ಹೂಳಿದ ಜಾಗದಿಂದ ಒಂದು ಹಿಡಿ ಮಣ್ಣು ತರಬೇಕು. ಅದು ಅಲ್ಲಿನ ಪದ್ಧತಿ.

ಬಾಳವ್ವ ಎಂಬ ಹೆಂಗಸು ತನ್ನ ತಾಯಿಯ ಮಣ್ಣನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಬಂದಳು.

"ಎದಕ್ಕ ಬಂದಿ?" ಎಂದರು ಗುರುಗಳು.

"ಅವ್ವನ ಬಾಯಿಂದ ಒಂದು ಮಾತು ಕೇಳಬೇಕ್ರಿ ಅಜ್ಜಾರ."

"ಬದುಕಿದ್ದಾಗ ಕೇಳಲಿಲ್ಲೇನ?"

"ಎಂಟು ವರ್ಷ ಮಾತು ಬಿಟ್ಟಿದ್ದೆರಿ. ತಮ್ಮನ ಲಗ್ನದಾಗ ಎಲ್ಲಾರ ಮುಂದ ಆಕಿಗೆ ಬಾಯಿಗೆ ಬಂದಂಗ ಅಂದೆ. ಆಮ್ಯಾಲೆ ಆ ಹೊಸ್ತಿಲ ತುಳೀಲಿಲ್ಲ. ಮಣ್ಣಿಗೂ ಹೋಗಲಿಲ್ಲರಿ."

"ಯಾವ ಮಾತು ಬೇಕು?"

"ಕ್ಷಮಿಸೀನಿ ಅಂತ. ಅಷ್ಟ ಸಾಕು."

ಗುರುಗಳು ಅವಳನ್ನು ಇಳಿಜಾರಿಗೆ ಕರೆದುಕೊಂಡು ಹೋದರು. ಅಲ್ಲಿ ಕಲ್ಲಿನ ಸಂದಿ ಸಂದಿಗೂ ಒಂದೊಂದು ಗಿಡ. ನೂರಕ್ಕೂ ಹೆಚ್ಚಿದ್ದವು. ಒಂದನ್ನು ಬಿಟ್ಟರೆ ಎಲ್ಲವೂ ಎಲೆಯಿಲ್ಲದೆ ಕಪ್ಪಾಗಿ, ಮಡಚಿದ ಬೆರಳುಗಳ ಹಾಗೆ ನಿಂತಿದ್ದವು.

"ಇವೆಲ್ಲ ಯಾರವ್ರಿ?"

"ನಿನ್ನಂಗ ಬಂದವರವು."

"ಒಣಗಿ ಹೋಗ್ಯಾವಲ್ರಿ."

"ಹೋಗಿಲ್ಲ. ಒಣಗಿಸ್ಯಾರ."

ಒಂದು ಸಂದಿಯಲ್ಲಿ ಅವಳು ತಂದ ಮಣ್ಣು ಸುರಿಸಿ, ಬೆರಳುದ್ದದ ಒಂದು ಕುಡಿಯನ್ನು ಊರಿಸಿದರು.

"ನೀರು ಕೇಳಿದಾಗಷ್ಟ ಕೊಡು. ಗೊಬ್ಬರ ಬ್ಯಾಡ. ಮುದ್ದು ಮಾಡಿದರ ಇದು ಕೊಳೀತೈತಿ."

"ಕೇಳಿದ್ದು ಹೆಂಗ ಗೊತ್ತಾಗತೈತ್ರಿ?"

"ಎಂಟು ವರ್ಷ ಆಕಿ ಮಾತು ಕೇಳಲಿಲ್ಲ ಅಂದೆಲ್ಲ. ಕಲಿ."

ಹಸಿರು ತುದಿಯನ್ನು ಮಾತ್ರ ಚಿವುಟಬೇಕು ಎಂದೂ ಹೇಳಿದರು. "ಕೆಳಗ ಕಟ್ಟಿಗೆ ಆಗಿರತೈತಿ. ಅದಕ್ಕ ಕುಡಗೋಲು ಹಚ್ಚಬ್ಯಾಡ. ಕಟ್ಟಿಗೆ ಮತ್ತ ಚಿಗುರೂದಿಲ್ಲ."

ಒಂದು ವರ್ಷ ಕಳೆಯಿತು. ಗಿಡ ಕಲ್ಲಿನ ಮೇಲೆ ಹರಡಿತು.

ಒಂದು ಮಧ್ಯಾಹ್ನ ಗುರುಗಳು, "ಇವತ್ತು ಸಾರು ಮಾಡು" ಎಂದರು.

ಬಾಳವ್ವ ಮೂರು ತುದಿ ಚಿವುಟಿ ತಂದಳು. ತೊಗರಿಬೇಳೆ ಒಲೆಯ ಮೇಲೆ ಕುದಿಯುತ್ತಿತ್ತು. ಕಡ್ಡಿಯ ತಲೆ ಹಿಡಿದು ಎರಡು ಬೆರಳಲ್ಲಿ ಕೆಳಮುಖವಾಗಿ ಎಳೆದಳು. ಎಲೆಗಳು ಉದುರಿ ಬೇಳೆಯಲ್ಲಿ ಬಿದ್ದವು. ಆ ಎಲೆ ಗಟ್ಟಿ. ಕೊತ್ತಂಬರಿಯ ಹಾಗೆ ಕೊನೆಗೆ ಹಾಕಿದರೆ ರುಚಿ ಬಿಡುವುದಿಲ್ಲ, ಬೇಳೆಯ ಜೊತೆಗೇ ಕುದಿಯಬೇಕು.

ಹಬೆ ಎದ್ದಿತು.

"ಉರಿ ಸಣ್ಣ ಮಾಡ."

ಮಾತು ಎಡಗಿವಿಯ ಹತ್ತಿರವೇ ಕೇಳಿಸಿತು. ಬಾಳವ್ವ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಆದರೆ ಪಕ್ಕದಲ್ಲಿ ಹಾಸಿದ್ದ ಚಾಪೆ, ಯಾರೋ ಕುಳಿತ ಹಾಗೆ, ನಡುವೆ ತಗ್ಗಾಗಿತ್ತು. ಒಲೆಯ ಮುಂದೆ ಮಲಗಿದ್ದ ಬೆಕ್ಕು ಎದ್ದು, ಚಾಪೆಯನ್ನು ಸುತ್ತುಹಾಕಿ ಹೊರಗೆ ಹೋಯಿತು.

"ಅವ್ವಾ, ನಾ ಅವತ್ತು ಅಂದದ್ದು..."

"ಬ್ಯಾಳಿ ತಳ ಹಿಡೀತೈತಿ. ಕೈಯಾಡಸು."

ಸಾರು ಆರುವವರೆಗೆ ದನಿ ಇತ್ತು. ಆಮೇಲೆ ಚಾಪೆ ಮೆಲ್ಲಗೆ ಸಮವಾಯಿತು. ಬಾಳವ್ವ ಸಾರನ್ನು ಬಂಡೆಯ ಮೇಲೆ ಚೆಲ್ಲಿ ಬಂದಳು.

ಜಗಲಿಯಲ್ಲಿ ಗುರುಗಳು ಬಾಗಿಲಿಗೆ ಬೆನ್ನು ಹಾಕಿ ಕುಳಿತಿದ್ದರು.

"ಎಷ್ಟು ಚಿವುಟಿದಿ?"

"ಮೂರ್ರಿ."

"ಇನ್ನ ಒಂದು ತಿಂಗಳು ಮುಟ್ಟಬ್ಯಾಡ."

ಅವಳು ನಾಲ್ಕು ದಿನ ಕಾದಳು.

ಎರಡನೆಯ ಸಲ ಒಂದು ಹಿಡಿ ಕಿತ್ತಳು. ದನಿಯ ಜೊತೆ ಬಳೆಯ ಸದ್ದೂ ಬಂತು. ಮೂರನೆಯ ಸಲ ಹರಳೆಣ್ಣೆ ಹಚ್ಚಿದ ತಲೆಯ ವಾಸನೆ ಬಂತು. ನಾಲ್ಕನೆಯ ಸಲ ಉಸಿರು ಅವಳ ಕತ್ತಿಗೆ ತಾಗಿತು. ಉಸಿರು ತಣ್ಣಗಿತ್ತು.

ಸೊಪ್ಪು ಹೆಚ್ಚಿದಷ್ಟೂ ಅವ್ವ ಹತ್ತಿರವಾಗುತ್ತಿದ್ದಳು. ಬೇಕಾದ ಮಾತು ಮಾತ್ರ ಬರಲಿಲ್ಲ. ಉಪ್ಪು ನೋಡು ಎನ್ನುತ್ತಿದ್ದಳು. ಸೌದೆ ಹಸಿ ಐತಿ ಎನ್ನುತ್ತಿದ್ದಳು.

"ಇನ್ನೊಂದು ಸಲ ಮಾಡತೇನ್ರಿ ಅಜ್ಜಾರ. ಈ ಸಲ ಹೇಳತಾಳ."

"ಆ ಇಳಿಜಾರಿನಾಗ ಅಷ್ಟೂ ಮಂದಿ ಅದನ್ನ ಅಂದಾರ."

ಹೊಳೆಗೆ ನೀರಿಗೆಂದು ಗುರುಗಳು ಇಳಿದು ಹೋದಾಗ ಬಾಳವ್ವ ಕುಡುಗೋಲು ತೆಗೆದುಕೊಂಡಳು. ಗಿಡದಲ್ಲಿ ಹಸಿರು ಬಹಳ ಉಳಿದಿರಲಿಲ್ಲ. ಕಟ್ಟಿಗೆಯವರೆಗೂ ಕೊಯ್ದಳು. ಕೊಯ್ದಲ್ಲಿ ಗಿಡ ಒಮ್ಮೆ ಕೆಮ್ಮಿದಂತಾಯಿತು. ಅವಳಿಗೆ ಆ ಕೆಮ್ಮಿನ ಗುರುತಿತ್ತು. ಆದರೂ ಕೈ ನಿಲ್ಲಲಿಲ್ಲ.

ಆ ದಿನ ಪಾತ್ರೆಯಲ್ಲಿ ಬೇಳೆಗಿಂತ ಸೊಪ್ಪೇ ಹೆಚ್ಚು. ಸಾರು ಕಹಿಯಾಗಿ, ಕಪ್ಪಾಗಿ ಕುದಿಯಿತು. ಚಾಪೆ ನೆಲಕ್ಕೆ ಒತ್ತಿಕೊಂಡಿತು. ಬಾಳವ್ವನ ಹೆಗಲ ಮೇಲೆ ಒಂದು ಕೈ ಕುಳಿತಿತು. ಆ ಕೈಯಿಂದ ಅವಳ ರವಿಕೆಯ ಮೇಲೆ ಒದ್ದೆ ಮಣ್ಣು ಉದುರಿತು.

"ಹೇಳವ್ವಾ," ಎಂದಳು ಬಾಳವ್ವ. "ಇವತ್ತಾದರೂ ಹೇಳು."

ಅವ್ವ ಏನೋ ಕೇಳಿದಳು. ಬಾಳವ್ವನಿಗೆ ಬೇಕಾದದ್ದು ಅದಲ್ಲ. ತುಟಿ ಬಿಗಿಹಿಡಿದು ಕಾದಳು. ಕೈ ಬಹಳ ಹೊತ್ತು ಹೆಗಲ ಮೇಲೇ ಇತ್ತು. ಸಾರು ಆರಿತು. ಕೈ ಇಲ್ಲವಾಯಿತು.

ಮಳೆಗಾಲ ಬಂದು ಹೋಯಿತು. ಚಳಿ ಬಂದು ಹೋಯಿತು. ಗಿಡ ಚಿಗುರಲಿಲ್ಲ. ಕಟ್ಟಿಗೆಯನ್ನು ಉಜ್ಜಿ ಮೂಸಿದರೆ ಓಮದ ವಾಸನೆಯೂ ಇರಲಿಲ್ಲ.

ಬಾಳವ್ವ ಹಸಿರಾಗಿದ್ದ ಆ ಒಂದು ಗಿಡದ ಮುಂದೆ ಹೋಗಿ ಕುಳಿತಳು.

"ಸಾರಿಗೆ ಇದರಾಗಿನ ಒಂದು ತುದಿ ಕೊಡ್ರಿ ಅಜ್ಜಾರ."

"ಇದು ನನ್ನ ಮಗಂದು. ಹೊಳ್ಯಾಗ ಹೋದಾಂವ. ಇದರಾಗ ನಿಮ್ಮವ್ವ ಬರೂದಿಲ್ಲ."

"ಇದು ಎಷ್ಟು ವರ್ಷದ್ರಿ?"

"ಮೂವತ್ತೆರಡು."

ಗುರುಗಳು ಬಾಗಿ ಒಂದೇ ಒಂದು ತುದಿ ಚಿವುಟಿದರು. ಒಳಗೆ ಹೋಗಿ ನುಚ್ಚಿನ ಗಂಜಿಗೆ ಹಾಕಿ ಕುದಿಸಿದರು. ಬಾಳವ್ವ ಬಾಗಿಲಲ್ಲಿ ನಿಂತಳು. ಅವಳಿಗೆ ಏನೂ ಕೇಳಿಸಲಿಲ್ಲ. ಗುರುಗಳ ಎದುರಿನ ಚಾಪೆಯಲ್ಲಿ ಸಣ್ಣ ತಗ್ಗು ಬಿದ್ದಿತ್ತು. ಕುಳಿತಲ್ಲಿಂದ ನೀರು ಒಸರಿ ನೆಲಕ್ಕೆ ಹರಿಯುತ್ತಿತ್ತು.

ಗುರುಗಳು ಯಾವುದೋ ಮಾತಿಗೆ ನಕ್ಕರು. ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿ ಪೂರ್ತಿ ಕುಡಿದರು. ಖಾಲಿ ಬಟ್ಟಲನ್ನು ಚಾಪೆಯ ಕಡೆ ಓರೆ ಮಾಡಿ ತೋರಿಸಿದರು.

"ಹೂಂನಪಾ, ಉಂಡೆ," ಎಂದರು. "ಹೋಗಿ ಬಾ."

ಚಾಪೆ ಸಮವಾಯಿತು. ಗುರುಗಳು ಸೌಟು ತೊಳೆದಿಟ್ಟು ಬಂದು ಬಾಳವ್ವನ ಎದುರು ಕುಳಿತರು.

"ಕೊನೀ ದಿನ ನಿಮ್ಮವ್ವ ಏನಂದಳು?"

"ಕ್ಷಮಿಸೀನಿ ಅಂತ ಅನ್ನಲಿಲ್ರಿ."

"ಅನ್ನದ್ದನ್ನ ಕೇಳಲಿಲ್ಲ ನಾ. ಏನಂದಳು?"

"ಏನಿಲ್ರಿ. ಉಂಡಿಯೇನ ಅಂದಳು."

"ಅವತ್ತೊಂದ ದಿನ ಅಂದಳೇನ?"

"ಬಂದಾಗೆಲ್ಲ ಅಂತಿದ್ದಳ್ರಿ. ಸಾರು ಆರೂದರಾಗ ಎರಡು ಸಲ, ಮೂರು ಸಲ ಅಂತಿದ್ದಳು."



ಚಿನ್ಮಯೀ, ಇನ್ನು ಗುರುಗಳು ಕೇಳಿದ್ದನ್ನು ನಾನು ಹೇಳಿದ ಹಾಗೇ ಬರೆದುಕೋ ಮಗಳೇ, ತಿದ್ದಬೇಡ.

"ಆಕಿ ಅಷ್ಟು ಸಲ ಕೇಳಿದಳಲ್ಲ ಬಾಳವ್ವಾ, ನೀ ಏನಂತ ಹೇಳಿದಿ?"