ಹನ್ನೊಂದು ಹುಣಿಸೆ ಬೀಜ

"ಕೇಳಿರಪ್ಪೋ ಕೇಳಿ! ಕಲ್ಲುಗಡಿ ಪಟ್ಟಣದವರೆಲ್ಲ ಕೇಳಿ! ಅರಸರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಪಟ್ಟಣದ ಯಜಮಾನಿಕೆಯ ಮುದ್ರೆಯುಂಗುರ. ಒಂದು ತಪ್ಪಿದರೂ ತಲೆ ಉಳಿಯುವುದಿಲ್ಲ!"

ಅರಸ ಕೇತರಸ ಹೀಗೆ ಡಂಗುರ ಹೊಡೆಸಿದ್ದು ಪಟ್ಟಣದ ಮೇಲೆ ಹೇಸಿಗೆ ಹುಟ್ಟಿ.

ಅಲ್ಲಿ ಮೂರು ವರ್ಷಕ್ಕೊಮ್ಮೆ ಪಟ್ಟಣದ ಯಜಮಾನರನ್ನು ಜನರೇ ಆರಿಸುತ್ತಿದ್ದರು. ಕೋಟೆಯೊಳಗಿನ ಪ್ರತಿಯೊಬ್ಬರಿಗೂ ಒಂದು ಹುಣಿಸೆ ಬೀಜ. ಬೇಕಾದವರ ಗಡಿಗೆಗೆ ಹಾಕುವುದು. ಈ ಸಲ ನಿಂತವರು ಇಬ್ಬರು. ಕೆರೆ ಮುಚ್ಚಿ, ಕೋಟೆ ಒಡೆದು ಊರು ಬೆಳೆಸೋಣ ಎಂದವನು ಕಲ್ಲುಗಣಿಯ ಮಂಚಣ್ಣ. ಕೆರೆ ಮುಟ್ಟಬೇಡಿ ಎಂದವಳು ನೂಲು ಮಾರುವ ನೀಲವ್ವ. ಎಣಿಸಿದಾಗ ನೀಲವ್ವನ ಗಡಿಗೆಯಲ್ಲಿ ಹನ್ನೊಂದು ಬೀಜ ಹೆಚ್ಚಿದ್ದವು. ಮಂಚಣ್ಣ ಒಪ್ಪಲಿಲ್ಲ. ಮತ್ತೆ ಎಣಿಸಿದರು, ಹನ್ನೊಂದೇ. ಮೂರನೆಯ ಸಲವೂ ಹನ್ನೊಂದೇ.

"ಗಡಿಗೆಯೇ ಮೋಸದ್ದು" ಎಂದು ಅವನ ಕಡೆಯವರು ಚಾವಡಿಗೆ ಬೀಗ ಜಡಿದರು. ನೀಲವ್ವನ ಕಡೆಯವರೇನು ಕಡಿಮೆಯೇ? ಸೋತವರ ಬೀದಿಯ ಕಸ ಎತ್ತಕೂಡದೆಂದು ಗಾಡಿಗಳನ್ನು ತಡೆದರು. ಕಸ ಕೊಳೆತು ಹುಳ ಬಿತ್ತು. ಒಂದು ಮುಂಜಾನೆ ಯಾರೋ ಸತ್ತ ಕರುವನ್ನು ಪೇಟೆಯ ಬಾವಿಗೆ ಎಸೆದರು. ಎಸೆದವರು ಅವರು ಎಂದು ಇವರು, ಇವರು ಎಂದು ಅವರು. ಬಾಯಿ ಬಡಿದುಕೊಳ್ಳುವುದರಲ್ಲೇ ಎರಡು ದಿನ ಹೋಯಿತು. ಕರು ಬಾವಿಯಲ್ಲೇ ಇತ್ತು.

ಅದನ್ನು ತೆಗೆಯಲು ಇಳಿದವನು ಸಣ್ಣೀರ. ಕೋಟೆಯ ಹೊರಗೆ, ಬಡಗಣ ಕೇರಿಯಲ್ಲಿದ್ದ, ಬಾವಿಗಳ ಹೂಳೆತ್ತುವ ಹುಡುಗ. ಉಬ್ಬಿದ ಕರುವನ್ನು ಹಗ್ಗಕ್ಕೆ ಕಟ್ಟಿ ಮೇಲೆ ಬಂದಾಗ, ದಂಡೆಯಲ್ಲಿ ನಿಂತವರು ಇನ್ನೂ ಜಗಳವಾಡುತ್ತಲೇ ಇದ್ದರು. ಅವನ ತಾಯಿ ಅದೇ ಬಾವಿಯ ನೀರು ಕುಡಿದು ಹಿಂದಿನ ದಿನದಿಂದ ಮಲಗಿದ್ದಳು. ಸಣ್ಣೀರ ಹಗ್ಗವನ್ನು ಅಲ್ಲೇ ಬಿಸುಟು, ಮೈ ಕೂಡ ತೊಳೆಯದೆ ನೇರ ಅರಮನೆಗೆ, ಒಗಟಿನ ಸಭೆಗೆ ನಡೆದ.

ಸಭೆಯಲ್ಲಿ ಆಗಲೇ ಇಬ್ಬರು ಸೋತು ಸಂಕೋಲೆಯಲ್ಲಿದ್ದರು. ಒಬ್ಬ ಆಸ್ಥಾನದ ಪಂಡಿತ, ಅವನ ಉತ್ತರ, "ಹೊನ್ನು, ಬೆಂಕಿ, ಕೀರ್ತಿ." ಇನ್ನೊಬ್ಬ ಮಂಚಣ್ಣನೇ. "ಮೊದಲನೆಯದು ಇರುವೆ. ಎರಡನೆಯದು ನೀಲವ್ವನ ದುರಾಸೆ. ಮೂರನೆಯದು ಕತ್ತಿ" ಎಂದಿದ್ದ. ಅವನ ಕಡೆಯವರು ಚಪ್ಪಾಳೆ ತಟ್ಟಿದ್ದರು. ಕಾವಲಿನವರು ಅವನ ಕೈಗೆ ಕಬ್ಬಿಣ ತೊಡಿಸಿದಾಗ ಅದೇ ಜನ ಮೆಲ್ಲಗೆ ಜಾರಿಕೊಂಡಿದ್ದರು.

ಸಣ್ಣೀರ ಒಳಗೆ ಬರುತ್ತಲೇ ಎಲ್ಲರೂ ಮೂಗು ಮುಚ್ಚಿಕೊಂಡರು.

"ಏನಿದು ನಾತ?" ಎಂದ ಅರಸ.

"ನಿಮ್ಮ ಪಟ್ಟಣದ್ದೇ, ಬುದ್ಧಿ. ಬಾವಿಯಿಂದ ಈಗಷ್ಟೇ ಎತ್ತಿದ್ದು."

ಅರಸ ಅವನನ್ನೇ ದಿಟ್ಟಿಸಿ ನೋಡಿದ. "ಕೇಳು ಹಾಗಾದರೆ. ಒಂಟಿಯಾಗಿ ಬಿದ್ದಿದ್ದರೆ ಇಲಿಯೂ ಮೂಸದು, ಒಟ್ಟಾದರೆ ಯಜಮಾನನನ್ನೇ ಗದ್ದುಗೆಯಿಂದ ಎಬ್ಬಿಸುತ್ತದೆ. ಅದು ಯಾವುದು? ಬೆಳೆದರೆ ತಾಯಿಯ ಎದೆ ಬತ್ತಿಸುತ್ತದೆ, ಬೆಳೆಯದಿದ್ದರೆ ತನ್ನ ಮಕ್ಕಳನ್ನೇ ಹೊರಗೆ ಮಲಗಿಸುತ್ತದೆ. ಅದು ಯಾವುದು? ಅದಿಲ್ಲದೆ ಗೆದ್ದವನ ಗೆಲುವು ಪೂರ್ತಿಯಾಗದು. ಆದರೆ ಅದು ಗೆದ್ದವನ ಬಳಿ ಇಲ್ಲ, ನನ್ನ ಬೊಕ್ಕಸದಲ್ಲೂ ಇಲ್ಲ. ಅದು ಯಾವುದು?"

ಸಣ್ಣೀರ ಒಂದೊಂದಾಗಿ ಬಿಡಿಸಿದ.

"ಮೊದಲನೆಯದು ಹುಣಿಸೆ ಬೀಜ, ಬುದ್ಧಿ. ಹೊನ್ನಲ್ಲ; ಒಂಟಿ ಹೊನ್ನು ಬಿದ್ದಿದ್ದರೆ ಮನುಷ್ಯರೇ ಮುಗಿಬೀಳುತ್ತಾರೆ. ಎರಡನೆಯದು ಈ ಪಟ್ಟಣ. ಕೆರೆಯೇ ಇದರ ತಾಯಿ. ಊರು ಹೇಗೆಂದರೆ ಹಾಗೆ ಬೆಳೆದರೆ ಕೆರೆ ಬತ್ತುತ್ತದೆ. ಬೆಳೆಯದಿದ್ದರೆ, ಊರಿನ ಹೂಳೆತ್ತುವ ನಮ್ಮಂಥವರು ಗೋಡೆಯಾಚೆಗೇ ಮಲಗಬೇಕು."

"ಮೂರನೆಯದು?"

ಸಣ್ಣೀರ ಸಂಕೋಲೆಯಲ್ಲಿದ್ದ ಮಂಚಣ್ಣನ ಕಡೆ ತಿರುಗಿದ. "ಅದು ಈ ಯಜಮಾನರ ಬಾಯಲ್ಲಿದೆ. 'ಸೋತೆ' ಅನ್ನೋ ಮಾತು. ಅದನ್ನು ಕಿತ್ತುಕೊಳ್ಳೋಕೆ ಆಗಲ್ಲ. ಅವರೇ ಕೊಡಬೇಕು."

ಅರಸ ಎದ್ದು ನಿಂತ. ಮುದ್ರೆಯುಂಗುರ ತೆಗೆದು ಮುಂದೆ ಚಾಚಿದ. ಸಣ್ಣೀರ ಕೈ ಒಡ್ಡಲಿಲ್ಲ.

"ಇದು ನೀಲವ್ವನದು, ಬುದ್ಧಿ. ಜನ ಕೊಟ್ಟದ್ದನ್ನು ನೀವು ಒಗಟಿಗೆ ಪಣ ಇಟ್ಟಿರಿ. ಮಂಚಣ್ಣ ಬೀಗ ಹಾಕಿ ಮಾಡಿದ್ದನ್ನೇ ನೀವು ಡಂಗುರ ಹೊಡೆಸಿ ಮಾಡಿದಿರಿ."

ಕಾವಲಿನವರು ಈಟಿ ಎತ್ತಿದರು. ಅರಸನ ಮುಖ ಕಪ್ಪಿಟ್ಟಿತು. ಅಷ್ಟು ದಿನ ಊರಿನ ಮೇಲಿದ್ದ ಹೇಸಿಗೆ ಈಗ ತನ್ನ ಕಡೆಗೇ ತಿರುಗಿದ್ದು ಅವನಿಗೆ ತಿಳಿಯಿತು. ಕೈಸನ್ನೆಯಿಂದ ಈಟಿಗಳನ್ನು ಇಳಿಸಿದ.

"ನೀನೂ ಅವಳಿಗೇ ಬೀಜ ಹಾಕಿದ್ದೆಯೋ?"

"ಕೋಟೆಯ ಹೊರಗಿನವರಿಗೆ ಬೀಜವೇ ಇಲ್ಲ, ಬುದ್ಧಿ. ಇದ್ದಿದ್ದರೆ ಮಂಚಣ್ಣನಿಗೆ ಹಾಕುತ್ತಿದ್ದೆ. ಊರು ಬೆಳೆದರೆ ನಮ್ಮ ಕೇರಿಯೂ ಒಳಗೆ ಬರುತ್ತಿತ್ತು. ಆದರೆ ಹನ್ನೊಂದು ಅಂದರೆ ಹನ್ನೊಂದೇ."

"ಹಾಗಾದರೆ ನಿನಗೆ ಏನು ಬೇಕು?"

"ಈ ಇಬ್ಬರ ತಲೆ ಉಳಿಸಿ. ನಮ್ಮ ಕೇರಿಗೂ ಬೀಜ ಕೊಡಿ."

ಅರಸ ಎರಡಕ್ಕೂ ಒಪ್ಪಿ, ಗುಂಪಿನಲ್ಲಿದ್ದ ನೀಲವ್ವನನ್ನು ಕರೆದು ಉಂಗುರ ಕೊಟ್ಟ. ಸಂಕೋಲೆ ಬಿಚ್ಚಿಸಿಕೊಂಡ ಮಂಚಣ್ಣ, ಅವಳೆದುರು ಹೋಗಿ ನಿಂತ. ಕಹಿ ಕಷಾಯ ಉಗುಳಿದವನಂತೆ, "ಸೋತೆ" ಎಂದ.

ನೀಲವ್ವ ಹಿಗ್ಗಲಿಲ್ಲ. "ಕಸ ನಿಲ್ಲಿಸಿದ್ದು ನಮ್ಮ ತಪ್ಪು, ಮಂಚಣ್ಣ. ಇವತ್ತೇ ಎತ್ತಿಸ್ತೀನಿ. ನಾಳೆ ಚಾವಡಿಗೆ ಬಾ. ಊರು ಯಾವ ಕಡೆ ಬೆಳೀಬೇಕು ಅಂತ ಕೂತು ಮಾತಾಡೋಣ."

ಮಾತು ಒಂಬತ್ತು ದಿನ ನಡೆಯಿತು. ಕೆರೆ ಮುಚ್ಚಲೇಬೇಕೆಂದು ಮಂಚಣ್ಣ, ಗೋಡೆ ಮುಟ್ಟಲೇಬಾರದೆಂದು ನೀಲವ್ವನ ಕಡೆಯ ಹಳಬರು. ಸಣ್ಣೀರ ಬಡಗಣ ಗೋಡೆಯತ್ತ ಕೈ ತೋರಿದ. ಅತ್ತ ಕಲ್ಲುನೆಲ, ಕೆರೆಗೆ ನೀರು ಹರಿಯುವ ದಾರಿಯೂ ಅಲ್ಲ. ಬೈದಾಡಿದರು, ಎದ್ದು ಹೋದರು, ಮತ್ತೆ ಬಂದು ಕುಳಿತರು. ಹತ್ತನೆಯ ದಿನ ಬಡಗಣ ಗೋಡೆ ಒಡೆಯುವುದೆಂದಾಯಿತು. ಕೆರೆ ಉಳಿಯಿತು.

ಮೂರು ವರ್ಷ ಕಳೆದು ಮುಂದಿನ ಆಯ್ಕೆ ಬಂತು. ಸಣ್ಣೀರನ ತಾಯಿ ಮೊದಲ ಬಾರಿಗೆ ಬೀಜ ಹಿಡಿದು ಗಡಿಗೆಗಳ ಮುಂದೆ ನಿಂತಳು.

"ಯಾರಿಗೆ ಹಾಕಲೋ, ಮಗಾ?"

"ಅದನ್ನ ನನ್ನ ಕೇಳಬ್ಯಾಡವ್ವ" ಎಂದು ಸಣ್ಣೀರ ಆಚೆ ತಿರುಗಿ ನಿಂತ.