ಮಾತ್ರೆ ನಿಂತ ಮೇಲೆ

"ಗುರುಗಳೇ, ಭಯ ಪೂರ್ತಿಯಾಗಿ ಹೋಗುವುದು ಯಾವಾಗ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಕೌದಿ ಹೊಲಿಯುವ ಒಬ್ಬ ಹೆಂಗಸಿದ್ದಳು. ಊರಿನವರು ತಂದುಕೊಟ್ಟ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಕೈಯಿಂದಲೇ ಹೊಲಿದು ಹೊದಿಕೆ ಮಾಡುತ್ತಿದ್ದಳು. ಅವಳಿಗೆ ರಕ್ತದ ಕ್ಯಾನ್ಸರ್ ಬಂದಿತ್ತು. ಹನ್ನೊಂದು ವರ್ಷ, ದಿನವೂ ಮಧ್ಯಾಹ್ನ ಊಟವಾದ ಮೇಲೆ ಒಂದು ಮಾತ್ರೆ ನುಂಗಿದಳು. ಒಂದು ದಿನವೂ ತಪ್ಪಿಸಲಿಲ್ಲ.

ಆಮೇಲೆ ವೈದ್ಯರು ಹೇಳಿದರು: "ನಾಲ್ಕು ವರ್ಷದಿಂದ ನಿಮ್ಮ ರಕ್ತದಲ್ಲಿ ಕಾಯಿಲೆಯ ಸುಳಿವಿಲ್ಲ. ಮಾತ್ರೆ ನಿಲ್ಲಿಸಿ ನೋಡೋಣ. ತಿಂಗಳಿಗೊಮ್ಮೆ ರಕ್ತ ಕೊಡಿ. ಮತ್ತೆ ಕಾಣಿಸಿಕೊಂಡರೆ ಮತ್ತೆ ಶುರು ಮಾಡೋಣ."

ಗಂಡ ಓಣಿಗೆಲ್ಲ ಪೇಡಾ ಹಂಚಿದ. ಅವಳೂ ನಕ್ಕಳು.

ಮೊದಲ ಎರಡು ವಾರ ನೆಲದಿಂದ ಒಂದು ಗೇಣು ಮೇಲೆ ನಡೆದಂತೆ ಓಡಾಡಿದಳು. ಊಟವಾದ ಮೇಲೆ ಕೈ ತಾನಾಗಿಯೇ ಮಾತ್ರೆ ಇಡುತ್ತಿದ್ದ ಗೋಡೆಯ ಗೂಡಿನ ಕಡೆ ಹೋಗುತ್ತಿತ್ತು. ಅಲ್ಲಿ ಏನು ಹುಡುಕುತ್ತಿದ್ದೇನೆಂದು ಒಂದು ಗಳಿಗೆ ಹೊಳೆಯುತ್ತಿರಲಿಲ್ಲ. ಬೆಳಗಿನ ಜಾವದ ಕನಸಿನಲ್ಲಿ ಅವಳು ಹೊಲಿದ ಕೌದಿಗಳೆಲ್ಲ ಗಾಳಿಯಲ್ಲಿ ತೇಲುತ್ತ ಹೋಗುತ್ತಿದ್ದವು. ಅವುಗಳ ನಡುವೆ ನಿಂತು ಅವಳು ಮಾತ್ರೆ ನುಂಗುತ್ತಿದ್ದಳು. ಎದ್ದಾಗ ನಾಲಿಗೆಯ ಮೇಲೆ ಅದರ ಕಹಿ ಇರುತ್ತಿತ್ತು.

ಮೂರನೆಯ ವಾರ ಭುಜ ಹಿಡಿದುಕೊಂಡಿತು. ಆಮೇಲೆ ಮಣಿಕಟ್ಟು, ಬೆರಳಿನ ಗಂಟು. ಸೂಜಿ ಕೈಯಲ್ಲಿ ನಿಲ್ಲದಾಯಿತು. ಕಾಯಿಲೆ ಮರಳಿ ಬಂದಿದೆ ಎಂದುಕೊಂಡಳು. ಪೇಡಾ ಹಂಚಿದ ಗಂಡನಿಗೆ ಹೇಳುವುದು ಹೇಗೆಂದು ತಿಳಿಯದೆ ಸುಮ್ಮನಾದಳು. ದಿನಕ್ಕೆ ಹತ್ತು ಸಲ ಎಡ ಪಕ್ಕೆಯ ಕೆಳಗೆ ಒತ್ತಿ ನೋಡಿಕೊಂಡಳು. ಕಾಯಿಲೆ ಮೊದಲ ಸಲ ಬಂದಾಗ ಹೊಟ್ಟೆ ಭಾರವಾಗಿದ್ದು ಅಲ್ಲಿಯೇ.

ಪಕ್ಕದ ಮನೆಯ ಬಸುರಿ ತನ್ನ ಅಜ್ಜಿಯ ಎರಡು ಸೀರೆ ತಂದು, ಹುಟ್ಟುವ ಮಗುವಿಗೆ ಕೌದಿ ಹೊಲಿದುಕೊಡಲು ಕೇಳಿದಳು. ಮುಗಿಸಲಾಗದ್ದನ್ನು ಶುರು ಮಾಡುವುದೇಕೆ ಎಂದು ಇವಳು ಸೀರೆಗಳನ್ನು ಮಡಚಿ ಮೂಲೆಗಿಟ್ಟಳು. ದಿನಗಳು ಮಬ್ಬಿನಲ್ಲಿ ಕಳೆದವು. ಯಾರಾದರೂ ಮಾತಾಡಿಸಿದರೆ ದೂರದ ದಡದಿಂದ ಕೂಗಿದಂತೆ ಕೇಳುತ್ತಿತ್ತು.

ಒಂದು ಮಧ್ಯಾಹ್ನ, ಉಳಿದಿದ್ದ ಹಳೆಯ ಮಾತ್ರೆಯೊಂದನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಿದ್ದಳು. ಗಂಡ ನೋಡಿದ.

"ನೋವಿದೆಯಾ?" ಎಂದ.

"ಇದೆ."

"ಎಷ್ಟು ದಿನದಿಂದ?"

"ಹತ್ತು ದಿನವಾಯಿತು. ನಿಮ್ಮ ಸಂತೋಷ ಕೆಡಿಸುವುದು ಬೇಡ ಅನ್ನಿಸಿತು."

ಗಂಡ ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡ. ಇಬ್ಬರೂ ಬಸ್ಸು ಹತ್ತಿ ವೈದ್ಯರ ಬಳಿಗೆ ಹೋದರು.

ವೈದ್ಯರು ಭುಜ, ಬೆರಳು, ಹೊಟ್ಟೆ ಮುಟ್ಟಿ ನೋಡಿದರು. "ಈ ಮಾತ್ರೆಯನ್ನು ಬಹಳ ವರ್ಷ ತೆಗೆದುಕೊಂಡು ಬಿಟ್ಟಾಗ ಕೆಲವರಿಗೆ ಹೀಗೆ ಕೀಲು ನೋಯುತ್ತದೆ. ಕಾಯಿಲೆ ಮರಳಿದ ಗುರುತಲ್ಲ. ಕೆಲವು ತಿಂಗಳಲ್ಲಿ ಇಳಿಯುತ್ತದೆ. ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ, ನನ್ನದೇ ತಪ್ಪು" ಎಂದರು. ನೋವಿಗೆ ಔಷಧ ಕೊಟ್ಟು, ರಕ್ತ ತೆಗೆಸಿದರು. ವರದಿ ಬರಲು ಹತ್ತು ದಿನ ಬೇಕಿತ್ತು.

ಅವಳು ಮನೆಗೆ ಬಂದು, ಮೂಲೆಯಲ್ಲಿದ್ದ ಸೀರೆಗಳನ್ನು ಬಿಡಿಸಿ ಹಾಸಿದಳು. ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಗಂಡ ಪೋಣಿಸಿ ಕೊಟ್ಟ. ದಿನಕ್ಕೆ ಒಂದು ಗೇಣು ಹೊಲಿದಳು. ಕೆಲವು ದಿನ ಅದೂ ಆಗಲಿಲ್ಲ. ಹೊಲಿಯುವಾಗಲೂ ಹೆದರಿಕೆ ಇತ್ತು. ಆದರೆ ಹಳೆಯ ಸೀರೆಯ ಮಾಸಿದ ನೀಲಿಯನ್ನು ನೋಡುತ್ತ ನೋಡುತ್ತ ಮಧ್ಯಾಹ್ನ ಸರಿದದ್ದೇ ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ.

ಹತ್ತನೆಯ ದಿನ ವರದಿ ಬಂತು. ರಕ್ತದಲ್ಲಿ ಕಾಯಿಲೆಯ ಸುಳಿವಿರಲಿಲ್ಲ.

ಪಕ್ಕದ ಮನೆಯಲ್ಲಿ ಹೆಣ್ಣು ಮಗು ಹುಟ್ಟಿತು. ಕೌದಿ ಎರಡು ವಾರ ತಡವಾಗಿ ತೊಟ್ಟಿಲು ಸೇರಿತು. ಐದು ತಿಂಗಳಲ್ಲಿ ನೋವು ಬಹಳ ಮಟ್ಟಿಗೆ ಇಳಿಯಿತು. ಆದರೂ ರಕ್ತ ಕೊಡುವ ಹಿಂದಿನ ದಿನ ಅವಳ ಕೈ ಎಡ ಪಕ್ಕೆಗೆ ಹೋಗುತ್ತದೆ. ಬೆಳಗಿನ ಜಾವ ಅದೇ ಕನಸು ಬೀಳುತ್ತದೆ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ಅವಳ ಭಯ ಹೋಗಲೇ ಇಲ್ಲವಲ್ಲ, ಗುರುಗಳೇ?" ಎಂದ ಶಿಷ್ಯ.

"ಹೋಗಲಿಲ್ಲ, ಹೆದರುತ್ತಲೇ ಹೊಲಿದ ಆ ಕೌದಿಯೊಳಗೆ ಮಗು ಮಾತ್ರ ಚೆನ್ನಾಗಿ ನಿದ್ದೆ ಮಾಡುತ್ತಿದೆ" ಎಂದರು ಗುರುಗಳು.